ಅರಸೀಕೆರೆ ಕಂಡ ಮುಖ

ತಿಪ್ಪೇಶ ನಾಯಕನಾದ ಮೊದಲ ಚಿತ್ರ ಬಿಡುಗಡೆಯಾದ ದಿನ ಅವನ ತಾಯಿ ಬೋರಮ್ಮ ಚಳ್ಳಕೆರೆಯ ತನ್ನ ಮಂಡಕ್ಕಿ ಅಂಗಡಿಯ ಬಾಗಿಲನ್ನು ಮಧ್ಯಾಹ್ನಕ್ಕೇ ಎಳೆದು ಮನೆಗೆ ಬಂದಳು. ಬೀದಿಯ ನಾಲ್ವರು ಹೆಂಗಸರು ಆಗಲೇ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದರು. ಒಬ್ಬೊಬ್ಬರ ಕೈಯಲ್ಲೂ ಚಿತ್ರ ನೋಡುವ ಅವರವರ ಕನ್ನಡಕ. ಚಿತ್ರ ಮುಗಿದ ಮೇಲೆ ಎಲ್ಲರೂ ಬೋರಮ್ಮನ ಕೈ ಹಿಡಿದು ಮಗ ಚೆನ್ನಾಗಿ ಮಾಡಿದ್ದಾನೆ ಎಂದು ಹೊಗಳಿ, ಚಹಾ ಕುಡಿದು ಹೋದರು. ಆದರೆ ಆ ನಾಲ್ವರಲ್ಲಿ ಒಬ್ಬರೂ ತಿಪ್ಪೇಶನ ಮುಖವನ್ನು ಎರಡು ನಿಮಿಷಕ್ಕಿಂತ ಹೆಚ್ಚು ನೋಡಿರಲಿಲ್ಲ. ಹೆತ್ತ ತಾಯಿಗೆ ಅವನು ಕಂಡಿದ್ದು ಏಳು ನಿಮಿಷ.

ಇಷ್ಟಮುಖ ಬಂದು ಆಗ ಹದಿನೆಂಟು ವರ್ಷವಾಗಿತ್ತು. ಬಿಂಬಲೋಕ ಎಂಬ ಸಂಸ್ಥೆ ಅದನ್ನು ತಂದಾಗ ಜನ ಒಂದು ತಿಂಗಳು ಬೆರಗುಗೊಂಡರು, ಎರಡನೆಯ ತಿಂಗಳಿಗೆ ಒಗ್ಗಿಹೋದರು. ಕನ್ನಡಕದ ಅಂಚಿನಲ್ಲಿ ಒಂದು ಸಣ್ಣ ಯಂತ್ರಗಣ್ಣು ಇರುತ್ತಿತ್ತು. ನೋಡುವವರ ಕಣ್ಣಿನ ಪಾಪೆ ಯಾವಾಗ ಅರಳುತ್ತದೆ, ಯಾವಾಗ ಕುಗ್ಗುತ್ತದೆ ಎಂದು ಅದು ಗಮನಿಸುತ್ತಿತ್ತು. ಕಿವಿಯ ಹಿಂದೆ ತಾಗುವ ತುದಿ ನಾಡಿಯನ್ನೂ ಬೆವರನ್ನೂ ಅಳೆಯುತ್ತಿತ್ತು. ಚಿತ್ರ ನಟನ ಸ್ವಂತ ಮುಖದಿಂದಲೇ ಶುರುವಾಗುತ್ತಿತ್ತು. ಅದು ನೋಡುವವರಿಗೆ ಹಿತವಾಗಲಿಲ್ಲ ಎಂದು ಯಂತ್ರಕ್ಕೆ ಅನಿಸಿದರೆ ಆ ಮುಖ ನಿಧಾನವಾಗಿ ಕರಗಿ, ಹತ್ತು ನಿಮಿಷದೊಳಗೆ ಅವರಿಗೆ ಇಷ್ಟವಾದ ಇನ್ನೊಂದು ಮುಖವಾಗುತ್ತಿತ್ತು. ಧ್ವನಿಯೂ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ಮೈ, ನಡಿಗೆ, ಕೈ ಬೀಸುವುದು, ಅಳುವುದು, ಉಸಿರು ಕಟ್ಟುವುದು ಮಾತ್ರ ನಟನದು.

ಪಾಪೆ ಅರಳುವುದು ಗುರುತಿರುವ ಮುಖಕ್ಕೆ. ಹಾಗಾಗಿ ಎಲ್ಲರ ಕನ್ನಡಕದಲ್ಲೂ ಬರುತ್ತಿದ್ದವರು ಹಳೆಯ ಕಾಲದ ನಲವತ್ತು ತಾರೆಯರು. ಅವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ. ಹೊಸಬರ ಮುಖ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರಿಗೂ ಹೆಚ್ಚು ಹೊತ್ತು ಕಾಣುತ್ತಿರಲಿಲ್ಲ, ಕಾಣದ್ದರಿಂದ ಗೊತ್ತಾಗುತ್ತಲೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಆ ಪಟ್ಟಿಗೆ ಒಂದೂ ಹೊಸ ಮುಖ ಸೇರಿರಲಿಲ್ಲ.

ಇದೆಲ್ಲ ತಿಪ್ಪೇಶನಿಗೆ ಗೊತ್ತಿದ್ದದ್ದೇ. ಇಪ್ಪತ್ತಾರು ವರ್ಷದ ಅವನು ಮೈಸೂರಿನ ಬೋಗಾದಿ ರಸ್ತೆಯಲ್ಲಿದ್ದ ಬಿಂಬಲೋಕದಲ್ಲಿ ಐದು ವರ್ಷದಿಂದ ಇತರರ ಮುಖಗಳಿಗೆ ಮೈ ಕೊಡುತ್ತ ಬಂದಿದ್ದ. ಆದರೆ ತಾಯಿಯ ಕಣ್ಣಿಗಾದರೂ ತಾನೇ ಕಾಣುತ್ತೇನೆ ಎಂದು ನಂಬಿಕೊಂಡಿದ್ದ. ಫೋನಿನಲ್ಲಿ ಬೋರಮ್ಮ ನಾಲ್ಕು ದಿನ ಚೆನ್ನಾಗಿತ್ತು, ಚೆನ್ನಾಗಿತ್ತು ಎಂದೇ ಹೇಳಿದಳು. ಐದನೆಯ ದಿನ ಅವನು, ಕೊನೆಯ ದೃಶ್ಯಕ್ಕೆ ತಲೆಗೂದಲನ್ನು ಅಷ್ಟು ಸಣ್ಣಗೆ ಕತ್ತರಿಸಿದ್ದು ಹೇಗೆ ಕಂಡಿತು ಎಂದು ಕೇಳಿದ.

“ಮೊದ್ಲು ನೀನೇ ಇದ್ದೆ ಕಣಪ್ಪ,” ಎಂದಳು ಬೋರಮ್ಮ. “ನೋಡ್ತಾ ನೋಡ್ತಾ ಅವರಾಗ್ಬಿಟ್ರು. ನಾನು ಲಂಗ ಉಡೋ ಕಾಲ್ದಾಗೆ ಇದ್ರಲ್ಲ, ಅವರು. ನಾನೇನೂ ಮಾಡ್ಲಿಲ್ಲ, ತಾನಾಗೇ ಆಯ್ತು. ನಡೆಯೋದು ಮಾತ್ರ ನಿನ್ನ ಹಂಗೇ ಇತ್ತು.”

ತಿಪ್ಪೇಶ ಪರವಾಗಿಲ್ಲ ಎಂದು ಹೇಳಿ ಫೋನಿಟ್ಟ. ಪರವಾಗಿಲ್ಲ ಎನ್ನುವಷ್ಟು ಸುಲಭವಾಗಿ ಅದು ಅವನನ್ನು ಬಿಡಲಿಲ್ಲ. ತನ್ನ ಮಗನ ಮುಖ ತಾಯಿಗೆ ಇಷ್ಟವಿಲ್ಲ ಎಂದು ಒಂದು ಯಂತ್ರ ತೀರ್ಮಾನಿಸಿದ್ದು ಯಾವ ಲೆಕ್ಕದಲ್ಲಿ? ಬೇಸರದ ಕೆಳಗೆ ನಿಜವಾದ ಕುತೂಹಲವೂ ಇತ್ತು.

ಅವನು ಕೆಲಸ ಮಾಡುವ ಚಲನೆ ಕೊಠಡಿ ಕಟ್ಟಡದ ನೆಲಮಹಡಿಯಲ್ಲಿತ್ತು. ನಾಲ್ಕು ಗೋಡೆಗೂ ಕ್ಯಾಮೆರಾ, ನಡುವೆ ಕಬ್ಬಿಣದ ಅಟ್ಟಣೆ, ಮೈಗಂಟಿದ ಕಪ್ಪು ಉಡುಪು. ಮೂರನೆಯ ಮಹಡಿಯಲ್ಲಿ ಪ್ರಯೋಗಾಲಯ. ನಟರು ಅಲ್ಲಿಗೆ ಹೋಗುತ್ತಿರಲಿಲ್ಲ, ಹೋಗಬಾರದು ಎಂದು ಯಾರೂ ಹೇಳಿಯೂ ಇರಲಿಲ್ಲ. ಒಂದು ಬೆಳಿಗ್ಗೆ ತಿಪ್ಪೇಶ ಮೆಟ್ಟಿಲು ಹತ್ತಿದ.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಲೀಲಾಮಣಿ ಅರಸ್ ಅವರಿಗೆ ಅರವತ್ತರ ಹತ್ತಿರ ವಯಸ್ಸು. ಜನಸಂದಣಿಯಲ್ಲಿ ಭಯ ಹೇಗೆ ಹರಡುತ್ತದೆ, ನೂಕುನುಗ್ಗಲು ಯಾವ ಕ್ಷಣದಲ್ಲಿ ಶುರುವಾಗುತ್ತದೆ ಎಂದು ಮೂವತ್ತು ವರ್ಷ ಅಧ್ಯಯನ ಮಾಡಿದವರು. ಸಿನಿಮಾ ನೋಡುವವರಲ್ಲ. ಅವರನ್ನು ಸಂಸ್ಥೆ ಕರೆಸಿಕೊಂಡಿದ್ದು ಒಂದು ವಿಚಿತ್ರ ತೊಂದರೆಗೆ ಕಾರಣ ಹುಡುಕಲು. ಜನ ಇಷ್ಟವಾದ ಮುಖವನ್ನೇ ನೋಡುತ್ತಿದ್ದರೂ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಏಳುವುದು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿತ್ತು. ಪೂರ್ತಿ ನೋಡಿದವರಿಗೂ ಮಾರನೆಯ ದಿನ ಕಥೆ ನೆನಪಿರುತ್ತಿರಲಿಲ್ಲ.

ತಿಪ್ಪೇಶ ಬಂದ ವಿಷಯ ಹೇಳಿದಾಗ ಲೀಲಾಮಣಿ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ತಾಯಿಯ ಒಪ್ಪಿಗೆ ಬೇಕಾಗುತ್ತದೆ ಎಂದರು. ಬೋರಮ್ಮ ಒಪ್ಪಿಗೆ ಕೊಟ್ಟ ಮೇಲೆ ಆಕೆಯ ಕನ್ನಡಕದ ದಾಖಲೆಯನ್ನು ಗೋಡೆಯ ಮೇಲೆ ಹರಡಿದರು. ಮೊದಲ ಆರು ನಿಮಿಷ ಪಾಪೆ ಪೂರ್ತಿ ಅರಳಿತ್ತು. ಯಾವ ಹಳೆಯ ತಾರೆಗೂ ಅಷ್ಟು ಅರಳಿದ್ದನ್ನು ಲೀಲಾಮಣಿ ಕಂಡಿರಲಿಲ್ಲ. ಏಳನೆಯ ನಿಮಿಷದಲ್ಲಿ ನಾಡಿ ಎಂಬತ್ತರಿಂದ ನೂರಿಪ್ಪತ್ತಕ್ಕೆ ಏರಿತ್ತು, ಅಂಗೈ ಬೆವರಿದವರ ಹಾಗೆ ಚರ್ಮ ಒದ್ದೆಯಾಗಿತ್ತು. ಯಂತ್ರ ಅದಕ್ಕೆ ‘ಅಹಿತ’ ಎಂದು ಗುರುತು ಹಾಕಿ ಮುಖ ಬದಲಿಸಿತ್ತು. ಹೊಸ ಮುಖ ಬಂದ ಕೂಡಲೇ ನಾಡಿ ಇಳಿದಿತ್ತು.

ಏಳನೆಯ ನಿಮಿಷದಲ್ಲಿ ಚಿತ್ರದಲ್ಲಿ ಏನಿತ್ತು ಎಂದು ಲೀಲಾಮಣಿ ಕೇಳಿದರು. ನಾಯಕ ನೀರಿನ ಟ್ಯಾಂಕಿನ ಏಣಿ ಹತ್ತುತ್ತಾನೆ ಎಂದ ತಿಪ್ಪೇಶ. ಅವರು ಅಲ್ಲಿಂದಲೇ ಬೋರಮ್ಮನಿಗೆ ಫೋನ್ ಮಾಡಿ, ಆಗ ಹೇಗನಿಸಿತು ಎಂದು ಕೇಳಿದರು.

“ಹೆದರ್ಕಂಡಿದ್ದೆ ಕಣವ್ವ,” ಎಂದಳು ಬೋರಮ್ಮ. “ಕಾಲು ಜಾರಿ ಎಲ್ಲಿ ಬಿದ್ದುಗಿದ್ದಾನೋ ಅಂತ ಎದೆ ಡವಡವ ಅಂತಿತ್ತು. ಸುಳ್ಳು ಅಂತ ಗೊತ್ತು. ಆದ್ರೂ ಜೀವ ಕೇಳ್ಬೇಕಲ್ಲ.”

“ಆಮೇಲೆ ಆ ಹಳೇ ನಟರು ಬಂದ್ರಲ್ಲ, ಆಗ?”

“ಆಗ ನೆಮ್ಮದಿ ಆಯ್ತು. ಅವರು ತೀರ್ಕಂಡು ಎಷ್ಟೋ ವರ್ಷ ಆಯ್ತಲ್ಲವ್ವ. ಇನ್ನೇನಾಗ್ತೈತೆ ಅವರಿಗೆ?”

ಫೋನಿಟ್ಟು ಲೀಲಾಮಣಿ ಗೋಡೆಯ ಮೇಲಿನ ನಾಡಿಯ ಗೆರೆಯನ್ನು ಮತ್ತೆ ನೋಡಿದರು. ಅವರಿಗೆ ನೆನಪಾಗಿದ್ದು ತಮ್ಮ ಬಾಲ್ಯದ ಒಂದು ಸಂಗತಿ. ಒಬ್ಬ ದೊಡ್ಡ ನಟ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾಗ ಲೀಲಾಮಣಿಯವರ ಮನೆಯ ಕಾರಿನ ಚಾಲಕ ಕೆಲಸ ಬಿಟ್ಟು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮಂಡಿಯಲ್ಲಿ ಹತ್ತಿದ್ದ. ಆಗ ಅದನ್ನು ಹುಚ್ಚು ಎಂದು ಮನೆಯವರೆಲ್ಲ ನಕ್ಕಿದ್ದರು. ಈಗ ಲೀಲಾಮಣಿಗೆ ಬೇರೊಂದು ಪ್ರಶ್ನೆ ಎದ್ದಿತು. ಒಬ್ಬ ನಟ ತಾರೆಯಾಗುವುದೆಂದರೆ ಅವನನ್ನು ನೋಡಿ ಜನಕ್ಕೆ ಹಿತವಾಗುವುದೋ, ಅಥವಾ ಅವನಿಗೆ ಏನಾದರೂ ಆದೀತೆಂದು ಜನ ಹೆದರುವುದೋ? ಎರಡನೆಯದೇ ನಿಜವಾಗಿದ್ದರೆ ಈ ಯಂತ್ರ ಹದಿನೆಂಟು ವರ್ಷದಿಂದ ತಾರೆಯಾಗಬಹುದಾಗಿದ್ದ ಪ್ರತಿಯೊಂದು ಮುಖವನ್ನೂ ಸರಿಯಾಗಿ ಜನ ಹೆದರತೊಡಗಿದ ಕ್ಷಣದಲ್ಲೇ ಅಳಿಸುತ್ತ ಬಂದಿದೆ.

ಅವರು ಇದನ್ನು ಸಂಸ್ಥೆಯ ವ್ಯವಸ್ಥಾಪಕ ನಿಶ್ಚಲ್ ಪೂಣಚ್ಚ ಅವರ ಮುಂದಿಟ್ಟರು. ಪೂಣಚ್ಚ ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ತಾರೆಯರ ಕಾಲ ಮುಗಿಯಿತು, ಅದು ಒಂದು ಕಾಲದ ಜನರ ಅಭ್ಯಾಸ, ಈಗಿನ ಹುಡುಗರು ಎಷ್ಟೇ ಚೆನ್ನಾಗಿ ನಟಿಸಿದರೂ ಆ ಎತ್ತರಕ್ಕೆ ಹೋಗಲಾರರು ಎನ್ನುವುದು ಅವರ ಖಚಿತ ಅಭಿಪ್ರಾಯ. ಹಾಗಾದರೆ ಪರೀಕ್ಷಿಸಿ ನೋಡೋಣ ಎಂದರು ಲೀಲಾಮಣಿ. ಎರಡು ಊರು, ಒಂದೊಂದರಲ್ಲಿ ಮುನ್ನೂರು ಮನೆ. ನಲವತ್ತು ನಿಮಿಷದ ಆರು ಕಥೆ, ಎರಡು ವಾರಕ್ಕೊಂದರಂತೆ. ಆರರಲ್ಲೂ ತಿಪ್ಪೇಶ. ತಿಪಟೂರಿನಲ್ಲಿ ಇಷ್ಟಮುಖ ಎಂದಿನಂತೆ ಇರುತ್ತದೆ. ಅರಸೀಕೆರೆಯಲ್ಲಿ ಅದನ್ನು ನಿಲ್ಲಿಸಿರುತ್ತಾರೆ, ಎಲ್ಲರಿಗೂ ಒಂದೇ ಮುಖ. ಪೂಣಚ್ಚ ಹನ್ನೆರಡು ವಾರ ಕೊಟ್ಟರು.

ಅರಸೀಕೆರೆಯ ಜನಕ್ಕೆ ಮೊದಲ ಕಥೆ ಸ್ವಲ್ಪವೂ ಹಿಡಿಸಲಿಲ್ಲ. ಬರೆದುಕೊಡಿ ಎಂದು ಕೇಳಿದ್ದ ಅಭಿಪ್ರಾಯಗಳಲ್ಲಿ ಬಹುಪಾಲು ದೂರುಗಳೇ. ಕನ್ನಡಕ ಕೆಟ್ಟಿದೆ ಎಂದು ಕೆಲವರು ವಾಪಸು ಕಳಿಸಿದರು. ರೈಲು ನಿಲ್ದಾಣದ ಹತ್ತಿರ ಬ್ಲೌಸ್ ಹೊಲಿಯುವ ಜಬೀನಾ ಎಂಬಾಕೆ, ಈ ಹುಡುಗನಿಗೆ ಕಿವಿ ದೊಡ್ಡದು, ನಮ್ಮ ಬೀದಿಯಲ್ಲಿ ಸಿಲಿಂಡರ್ ತಂದುಕೊಡುವವನ ಹಾಗೆ ಕಾಣುತ್ತಾನೆ, ಇವನನ್ನು ನೋಡಲು ಕನ್ನಡಕ ಯಾಕೆ ಎಂದು ಬರೆದಳು. ಎರಡು ಕಥೆ ಮುಗಿಯುವುದರೊಳಗೆ ತೊಂಬತ್ತು ಮನೆಗಳು ಬಿಟ್ಟುಹೋದವು. ಪೂಣಚ್ಚ ಅವರು ಏನೂ ಹೇಳದೆ ಆ ಸಂಖ್ಯೆಯನ್ನಷ್ಟೇ ಲೀಲಾಮಣಿಯವರಿಗೆ ಕಳಿಸಿದರು.

ತಿಪ್ಪೇಶ ಆ ಅಭಿಪ್ರಾಯಗಳನ್ನೆಲ್ಲ ಕೇಳಿ ಪಡೆದು ಓದಿದ. ಕಿವಿಯ ವಿಷಯ ಓದಿ ನಕ್ಕ, ಆಮೇಲೆ ಕನ್ನಡಿಯ ಮುಂದೆ ನಿಂತು ನೋಡಿಕೊಂಡ. ಐದು ವರ್ಷದಲ್ಲಿ ತನ್ನ ಮುಖದ ಬಗ್ಗೆ ಯಾರಾದರೂ ಒಂದು ಮಾತು ಆಡಿದ್ದು ಅದೇ ಮೊದಲು. ಬೈಗುಳವಾದರೂ ಅದು ತನ್ನದು ಎಂದು ಅವನಿಗೆ ಅನಿಸಿತು. ಮೂರನೆಯ ಕಥೆಯಲ್ಲಿ ಅವನು ಹೆಚ್ಚು ಎಚ್ಚರದಿಂದ ನಟಿಸಿದ. ಮುಖ ಕಾಣುತ್ತದೆ ಎಂದ ಮೇಲೆ ಕಣ್ಣನ್ನು ಎಲ್ಲಿಡಬೇಕು ಎನ್ನುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು.

ಐದನೆಯ ವಾರ ಲೀಲಾಮಣಿ ತಾವೇ ಎರಡೂ ಊರಿಗೆ ಹೋದರು. ತಿಪಟೂರಿನಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಪೂರ್ತಿ ಕುಳಿತರು. ಪಕ್ಕದ ಮೇಜಿನಲ್ಲಿ ಇಬ್ಬರು ಗೆಳೆಯರು ಹಿಂದಿನ ದಿನದ ಕಥೆಯ ಮಾತೆತ್ತಿದರು. ನಿನಗೆ ಯಾರು ಬಂದಿದ್ದರು ಎಂದು ಒಬ್ಬ ಕೇಳಿದ. ಇನ್ನೊಬ್ಬ ಹೆಸರು ಹೇಳಿದ. ನನಗೆ ಬೇರೆಯವರು ಎಂದ ಮೊದಲಿನವನು. ಅಲ್ಲಿಗೆ ಮಾತು ಮುಗಿದು ಕೊಬ್ಬರಿಯ ವಿಷಯಕ್ಕೆ ಹೋಯಿತು.

ಅರಸೀಕೆರೆಯಲ್ಲಿ ಅವರು ಜಬೀನಾಳ ಹೊಲಿಗೆ ಅಂಗಡಿಗೆ ಹೋಗಿ, ಬಟ್ಟೆ ತಂದವರ ಹಾಗೆ ಬೆಂಚಿನ ಮೇಲೆ ಕುಳಿತರು. ಜಬೀನಾ ಮತ್ತು ಅಳತೆ ಕೊಡಲು ಬಂದ ಮೂವರು ಹೆಂಗಸರು ಮಾತಾಡುತ್ತಿದ್ದದ್ದು ತಿಪ್ಪೇಶನ ಬಗ್ಗೆಯೇ. ಆ ಹುಡುಗ ಅಳುವಾಗ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಳ್ಳುತ್ತಾನೆ, ನೋಡಿದೆಯಾ ಎಂದಳು ಒಬ್ಬಳು. ಅದು ನಟನೆಯಲ್ಲ, ಅಭ್ಯಾಸ ಎಂದಳು ಇನ್ನೊಬ್ಬಳು. ಹೊಟ್ಟೆ ತುಂಬ ಊಟ ಮಾಡುತ್ತಾನೋ ಇಲ್ಲವೋ, ಕುತ್ತಿಗೆ ಮೂಳೆ ಎದ್ದು ಕಾಣುತ್ತದೆ ಎಂದು ಒಳಗಿನಿಂದ ಜಬೀನಾಳ ಅತ್ತೆ ಕೂಗಿ ಹೇಳಿದರು. ಜಬೀನಾ ಕಾಲಿನಿಂದ ಯಂತ್ರ ತುಳಿಯುತ್ತಲೇ, ಕಿವಿ ದೊಡ್ಡದಾದರೂ ಮುಖಕ್ಕೆ ಹೊಂದುತ್ತದೆ ಎಂದಳು. ಎಲ್ಲರೂ ಒಬ್ಬನನ್ನೇ ನೋಡಿದ್ದರಿಂದ ಜಗಳವಾಡುವುದಕ್ಕೆ ಅವರಿಗೆ ಒಬ್ಬ ಸಿಕ್ಕಿದ್ದ. ಲೀಲಾಮಣಿ ಒಂದು ರವಿಕೆ ಬಟ್ಟೆಯನ್ನು ನಿಜವಾಗಿಯೂ ಹೊಲಿಯಲು ಕೊಟ್ಟು ಬಂದರು.

ಮೈಸೂರಿಗೆ ಬಂದು ಮೂರನೆಯ ಕಥೆಯ ದಾಖಲೆ ನೋಡಿದರೆ ಇನ್ನೂರ ಹತ್ತು ಮನೆಗಳ ನಾಡಿಯ ಗೆರೆಗಳು ಒಂದರ ಮೇಲೊಂದು ಕುಳಿತಿದ್ದವು. ನಾಯಕ ಅಪಾಯದ ಹತ್ತಿರ ಹೋದಾಗ ಎಲ್ಲವೂ ಒಟ್ಟಿಗೆ ಏರುತ್ತಿದ್ದವು. ಬೇರೆ ಬೇರೆ ಮನೆ, ಬೇರೆ ಬೇರೆ ಹೊತ್ತು, ಆದರೂ ಅದೇ ದೃಶ್ಯ, ಅದೇ ಕ್ಷಣ. ಬೋರಮ್ಮನ ಏಳನೆಯ ನಿಮಿಷದ ಗೆರೆಯನ್ನು ಲೀಲಾಮಣಿ ಅವುಗಳ ಮೇಲೆ ಇಟ್ಟು ನೋಡಿದರು. ಎತ್ತರ ಅಷ್ಟಿರಲಿಲ್ಲ, ಆಕಾರ ಮಾತ್ರ ಅದೇ.

ಐದನೆಯ ಕಥೆಯ ಚಿತ್ರೀಕರಣದಲ್ಲಿ ತಿಪ್ಪೇಶ ಅಟ್ಟಣೆಯ ಮೇಲಿಂದ ಹಾರುವಾಗ ಕೆಳಗೆ ಹಾಕಿದ್ದ ಹಾಸಿಗೆಯ ಅಂಚಿಗೆ ಬಿದ್ದ. ಹೆಗಲ ಮೂಳೆ ಮುರಿಯಿತು. ವೈದ್ಯರು ಆರು ವಾರ ಕೈ ಅಲ್ಲಾಡಿಸಬಾರದು ಎಂದು ಕಟ್ಟು ಹಾಕಿದರು. ಪ್ರಯೋಗ ನಿಂತರೆ ಮತ್ತೆ ಅನುಮತಿ ಸಿಗುವುದಿಲ್ಲ ಎಂದು ಲೀಲಾಮಣಿಗೆ ಗೊತ್ತಿತ್ತು. ಪೂಣಚ್ಚ ಒಂದು ದಾರಿ ಹೇಳಿದರು. ಗೋಕಾಕಿನ ಕಡೆಯ ಗುರುಪಾದ ಎಂಬ ಇನ್ನೊಬ್ಬ ನಟ ಕಥೆಯನ್ನು ಮುಗಿಸಲಿ, ಅವನ ಮೇಲೆ ತಿಪ್ಪೇಶನ ಮುಖ ಕೂರಿಸೋಣ. ನೋಡುವವರಿಗೆ ಅದೇ ಮುಖ ತಾನೆ? ಲೀಲಾಮಣಿ ಒಪ್ಪಿದರು. ಮುಂದೆ ಅವರು ಹೇಳಿಕೊಂಡಂತೆ, ಒಪ್ಪುವಾಗ ಅವರಿಗೆ ಅದೂ ಒಂದು ಪರೀಕ್ಷೆ ಎಂಬ ಆಸೆಯಿತ್ತು, ಏನಾಗುತ್ತದೆ ಎಂಬ ಊಹೆ ಮಾತ್ರ ಇರಲಿಲ್ಲ.

ತಿಪಟೂರಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅರಸೀಕೆರೆಯಲ್ಲಿ ಆರನೆಯ ನಿಮಿಷಕ್ಕೇ ಗೆರೆಗಳು ಚದುರಿದವು. ಸಂಜೆಯೊಳಗೆ ಮೂವತ್ತೇಳು ಫೋನ್ ಬಂದವು. ಜಬೀನಾಳದ್ದು ಮೂರನೆಯದು.

“ಮುಖ ಅವನದೇ ಮೇಡಂ, ಆದ್ರೆ ಅವನಲ್ಲ,” ಎಂದಳು. “ಅವನು ಬಾಗಿಲು ತಳ್ಳೋ ಮುಂಚೆ ಒಂದು ಗಳಿಗೆ ನಿಲ್ತಾನೆ. ಒಳಗೆ ಹೋಗ್ಲೋ ಬೇಡ್ವೋ ಅನ್ನೋ ಹಾಗೆ. ಇವನು ಸೀದಾ ನುಗ್ಗಿದ. ಅವನಿಗೆ ಏನಾಯ್ತು, ಅದು ಹೇಳಿ.”

ಮೂವತ್ತೇಳರಲ್ಲಿ ಮೂವತ್ತನಾಲ್ಕು ಜನ ಇದೇ ಪ್ರಶ್ನೆ ಕೇಳಿದ್ದರು. ಚಿತ್ರ ಕೆಟ್ಟಿದೆ ಎಂದು ದೂರಿದವರು ಮೂವರೇ. ಸುಳ್ಳು ಹೇಳಲು ಲೀಲಾಮಣಿಗೆ ಮನಸ್ಸಾಗಲಿಲ್ಲ. ಬಿದ್ದು ಪೆಟ್ಟಾಗಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಎಲ್ಲರಿಗೂ ಉತ್ತರ ಕಳಿಸಿದರು.

ಆ ಭಾನುವಾರ ಬೆಳಗಿನ ರೈಲಿಗೆ ಅರಸೀಕೆರೆಯಿಂದ ಅರವತ್ತೆರಡು ಜನ ಮೈಸೂರಿಗೆ ಬಂದರು. ಮೊದಲೇ ಹೇಳಿರಲಿಲ್ಲ. ಬೋಗಾದಿ ರಸ್ತೆಯ ಗೇಟಿನಲ್ಲಿ ಕಾವಲುಗಾರನಿಗೆ ಏನು ಮಾಡುವುದೆಂದು ತೋಚಲಿಲ್ಲ. ಅವನು ಕೆಲಸಕ್ಕೆ ಸೇರಿದ ಮೇಲೆ ಒಬ್ಬ ನಟನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಲೀಲಾಮಣಿ ಬಂದು ಅವರನ್ನು ಕ್ಯಾಂಟೀನಿನ ಅಂಗಳಕ್ಕೆ ಕರೆದುಕೊಂಡು ಹೋದರು. ಪ್ರಯೋಗದ ನಿಯಮದ ಪ್ರಕಾರ ನಟನನ್ನು ಪ್ರೇಕ್ಷಕರು ಭೇಟಿಯಾಗಬಾರದಿತ್ತು. ಲೀಲಾಮಣಿ ಆ ನಿಯಮ ಬರೆದವರು ತಾವೇ ಎಂದು ನೆನಪು ಮಾಡಿಕೊಂಡು, ಕಟ್ಟಡದ ಹಿಂದಿನ ವಸತಿಗೃಹದಲ್ಲಿದ್ದ ತಿಪ್ಪೇಶನಿಗೆ ಹೇಳಿಕಳಿಸಿದರು.

ಅವನು ಕೈಯನ್ನು ಎದೆಗೆ ಕಟ್ಟಿಕೊಂಡು, ಒಂದೇ ತೋಳು ತೂರಿಸಿದ ಅಂಗಿಯಲ್ಲಿ ಬಂದ. ಅಂಗಳದ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಅರವತ್ತೆರಡು ಜನ ಮಾತು ನಿಲ್ಲಿಸಿ ನೋಡಿದರು. ಅಷ್ಟು ಕಣ್ಣುಗಳು ಒಮ್ಮೆಗೇ ತನ್ನ ಮುಖದ ಮೇಲೆ ಬಿದ್ದಾಗ ಅವನಿಗೆ ಮೈಗೆ ಬಿಸಿಲು ತಾಗಿದ ಹಾಗಾಯಿತು. ಹಿಂದೆ ತಿರುಗಿ ಹೋಗಬೇಕೆನಿಸಿತು, ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂದೂ ಅನಿಸಿತು.

ಒಬ್ಬ ಮುದುಕರು ಹತ್ತಿರ ಬಂದು ಕಟ್ಟನ್ನು ಮುಟ್ಟಿ, ಯಾವ ಮೂಳೆ ಎಂದು ವಿಚಾರಿಸಿ, ತಾವು ಮರದಿಂದ ಬಿದ್ದಾಗಲೂ ಅದೇ ಮುರಿದಿತ್ತು ಎಂದರು. ಯಾರೋ ಎಳನೀರು ಕೆತ್ತಿ ಕೊಟ್ಟರು. ಜಬೀನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಕನ್ನಡಕದಲ್ಲಿ ಇನ್ನೂ ಸ್ವಲ್ಪ ಎತ್ತರ ಕಾಣ್ತೀರಿ,” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ನೋವು ಇದೆಯಾ?”

ಇದೆ ಎಂದ ತಿಪ್ಪೇಶ. ತಲೆ ತಗ್ಗಿಸಿ ಎಳನೀರು ಕುಡಿದ. ಜನ ಅದನ್ನೂ ನೋಡಿದರು. ಮಧ್ಯಾಹ್ನದ ರೈಲಿಗೆ ಹೊರಡುವ ಮುಂಚೆ ಮುಂದಿನ ಕಥೆ ಯಾವಾಗ ಎಂದು ಕೇಳಿದರು. ಅವನ ಕೈ ಸರಿಯಾಗುವವರೆಗೆ ಬೇಡ, ಕಾಯುತ್ತೇವೆ ಎಂದು ತಾವೇ ಉತ್ತರವನ್ನೂ ಹೇಳಿ ಹೋದರು.

ಅವರು ಹೋದ ಮೇಲೆ ತಿಪ್ಪೇಶ ಅಂಗಳದ ಬೆಂಚಿನ ಮೇಲೆ ಕುಳಿತೇ ಇದ್ದ.

“ಅವರು ನೋಡೋಕೆ ಬಂದಿದ್ದು ಯಾರನ್ನ ಮೇಡಂ?” ಎಂದು ಕೇಳಿದ. “ನಾನು ಅಷ್ಟು ದೊಡ್ಡೋನಲ್ಲ.”

“ಅದೇ ನನಗೂ ಗೊತ್ತಾಗ್ಬೇಕು,” ಎಂದರು ಲೀಲಾಮಣಿ.

ಪೂಣಚ್ಚ ಅವರಿಗೆ ಗೊತ್ತಾಗಿದ್ದು ಬೇರೆ. ಮಾರನೆಯ ವಾರ ಅವರು ತಿಪ್ಪೇಶನನ್ನು ತಮ್ಮ ಕೊಠಡಿಗೆ ಕರೆಸಿ, ಎದ್ದು ನಿಂತು ಸ್ವಾಗತಿಸಿದರು. ತಾನು ತಪ್ಪು ತಿಳಿದಿದ್ದೆ ಎಂದು ನೇರವಾಗಿಯೇ ಒಪ್ಪಿಕೊಂಡರು. ಅರಸೀಕೆರೆಯಲ್ಲಿ ಆದದ್ದು ರಾಜ್ಯದಲ್ಲೆಲ್ಲ ಆಗುವಂತೆ ಮಾಡಬಹುದು, ತಿಪ್ಪೇಶನ ಮುಖವನ್ನು ಇಷ್ಟಮುಖದ ಪಟ್ಟಿಗೆ ಸೇರಿಸೋಣ, ಹದಿನೆಂಟು ವರ್ಷದ ಮೇಲೆ ಸೇರುವ ಮೊದಲ ಹೊಸ ಮುಖ, ನಲವತ್ತೊಂದನೆಯದು ಎಂದರು. ವರ್ಷಕ್ಕೆ ಇನ್ನೂರು ಚಿತ್ರಗಳಲ್ಲಿ ಜನ ಅವನನ್ನು ನೋಡುತ್ತಾರೆ. ಅವನು ಇನ್ನು ಅಟ್ಟಣೆಯಿಂದ ಹಾರಬೇಕಾಗಿಲ್ಲ.

“ಆ ಮುಖದ ಒಳಗೆ ಯಾರು ಇರ್ತಾರೆ ಸರ್?” ಎಂದು ಕೇಳಿದ ತಿಪ್ಪೇಶ.

ಹೊಸ ಹುಡುಗರು ತುಂಬ ಜನ ಇದ್ದಾರೆ ಎಂದರು ಪೂಣಚ್ಚ. ಗುರುಪಾದ ಇದ್ದಾನೆ.

ತಿಪ್ಪೇಶ ಯೋಚಿಸಲು ಒಂದು ವಾರ ಕೇಳಿದ. ಗುರುಪಾದ ಆಸ್ಪತ್ರೆಗೆ ಬಂದು, ನಿನ್ನ ಜಾಗದಲ್ಲಿ ನಿಂತದ್ದಕ್ಕೆ ತಪ್ಪು ತಿಳಿಯಬೇಡ ಎಂದು ಹೇಳಿ ಹೋಗಿದ್ದ. ಅವನ ನಟನೆಯಲ್ಲಿ ಕೊರತೆಯಿರಲಿಲ್ಲ. ತಿಪ್ಪೇಶ ಆ ಐದನೆಯ ಕಥೆಯನ್ನು ಮುಖ ಕೂರಿಸುವ ಮೊದಲಿನ ರೂಪದಲ್ಲಿ ಕೇಳಿ ತರಿಸಿಕೊಂಡು ನೋಡಿದ. ಗುರುಪಾದನಿಗೆ ಅಗಲವಾದ ಹಣೆ, ಸಿಟ್ಟಿನಲ್ಲೂ ನಗುತ್ತಿರುವಂತೆ ಕಾಣುವ ತುಟಿ. ಬಾಗಿಲನ್ನು ಅವನು ನುಗ್ಗಿಯೇ ತೆರೆಯುತ್ತಿದ್ದ, ಆ ಮುಖಕ್ಕೆ ಅದೇ ಸರಿಯಾಗಿತ್ತು. ತನ್ನ ಮುಖದ ಕೆಳಗೆ ಅದು ತಪ್ಪಾಗಿ ಕಂಡಿತ್ತು, ಅಷ್ಟೇ.

ತಾಯಿಗೆ ಫೋನ್ ಮಾಡಿ ವಿಷಯ ಹೇಳಿದ. ಬೋರಮ್ಮ ಸಂತೋಷಪಟ್ಟಳು. ಎಲ್ಲ ಊರಿನಲ್ಲೂ ನಿನ್ನ ಮುಖ ಕಾಣುವುದಾದರೆ ಒಳ್ಳೆಯದೇ ಅಲ್ಲವೇ ಎಂದಳು. ಸ್ವಲ್ಪ ತಡೆದು ಇನ್ನೊಂದು ಮಾತು ಕೇಳಿದಳು.

“ಅಲ್ಲ ಕಣಪ್ಪ, ಆಗ್ಲೂ ನಾನು ಹೆದರ್ಕಂಡ್ರೆ ನಿನ್ನ ತೆಗೆದುಬಿಡ್ತಾರಾ?”

ತೆಗೆಯುತ್ತಾರೆ ಎಂದು ತಿಪ್ಪೇಶನಿಗೆ ಗೊತ್ತಿತ್ತು. ಯಂತ್ರ ಅದೇ, ಅದರ ಲೆಕ್ಕವೂ ಅದೇ. ಪಟ್ಟಿ ಸೇರಿದ ಮುಖಕ್ಕಾಗಿ ಯಾರೂ ಹೆದರಬಾರದು, ಅದು ಯಾವತ್ತೂ ಬೀಳಬಾರದು, ಮುಪ್ಪಾಗಬಾರದು. ಮೂವತ್ತು ವರ್ಷದ ಮೇಲೂ ಅದು ಇಪ್ಪತ್ತಾರರಲ್ಲೇ ಇರುತ್ತದೆ. ಅದಕ್ಕೆ ಹೆಗಲ ಮೂಳೆಯಿರುವುದಿಲ್ಲ.

ವಾರ ಮುಗಿದ ದಿನ ಅವನು ಲೀಲಾಮಣಿಯವರನ್ನೂ ಜೊತೆಗೆ ಕರೆದುಕೊಂಡು ಪೂಣಚ್ಚ ಅವರ ಕೊಠಡಿಗೆ ಹೋದ. ಮುಖ ಕೊಡುವುದಿಲ್ಲ ಎಂದ. ಕಾರಣ ಕೇಳಿದಾಗ ಗುರುಪಾದನ ಹಣೆಯ ಬಗ್ಗೆ ಏನೋ ಹೇಳಲು ಹೋಗಿ ತಡವರಿಸಿದ, ಅವನು ಮಾತುಗಾರನಲ್ಲ. ಬದಲಿಗೆ ಒಂದು ಗುಂಡಿ ಬೇಕು ಎಂದು ಕೇಳಿದ. ಎಲ್ಲ ಚಿತ್ರಗಳಲ್ಲೂ, ಎಲ್ಲ ಕನ್ನಡಕಗಳಲ್ಲೂ. ಒತ್ತಿದವರಿಗೆ ಮುಖ ಬದಲಾಗಬಾರದು, ನಟಿಸಿದವರೇ ಕಾಣಬೇಕು.

ಪೂಣಚ್ಚ ನಕ್ಕರು, ತಿರಸ್ಕಾರದಿಂದಲ್ಲ. ಹಿತವಾದದ್ದು ಎದುರಿಗಿರುವಾಗ ಅಹಿತವಾದದ್ದನ್ನು ಗುಂಡಿ ಒತ್ತಿ ಯಾರು ಕರೆದುಕೊಳ್ಳುತ್ತಾರೆ ಎಂದು ಕೇಳಿದರು. ಅರಸೀಕೆರೆಯವರಿಗೆ ಆಯ್ಕೆಯೇ ಇರಲಿಲ್ಲ, ಅದಕ್ಕೆ ಹಾಗಾಯಿತು ಎಂದರು. ಆ ಮಾತು ಸರಿ ಎಂದು ಲೀಲಾಮಣಿ ಒಪ್ಪಿದರು. ತೊಂಬತ್ತು ಮನೆಗಳು ಬಿಟ್ಟುಹೋದದ್ದೂ ನಿಜ, ಇನ್ನೂರ ಹತ್ತು ಮನೆಗಳಲ್ಲಿ ಆದದ್ದು ಕೋಟಿ ಮನೆಗಳಲ್ಲಿ ಆಗುತ್ತದೆ ಎಂದು ಯಾವ ವಿಜ್ಞಾನಿಯೂ ಬರೆದುಕೊಡಲಾರ ಎಂದರು. ಈ ಹುಡುಗ ಮುಂದೆ ದೊಡ್ಡ ತಾರೆಯಾಗುತ್ತಾನೋ ಇಲ್ಲವೋ ತಮಗೆ ಗೊತ್ತಿಲ್ಲ. ಆಗಲು ಸಾಧ್ಯವೋ ಎಂದು ತಿಳಿಯುವುದಕ್ಕೆ ಉಳಿದಿರುವ ಪರೀಕ್ಷೆ ಇದೊಂದೇ. ಪೂಣಚ್ಚ ಕೊನೆಗೆ ಒಪ್ಪಿದರು. ಜಾಹೀರಾತು ಮಾಡುವುದಿಲ್ಲ, ಕೆಳಗೆ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಹಾಕಿಸುತ್ತೇನೆ, ಒಂದು ತಿಂಗಳು ಮಾತ್ರ ಎಂದರು. ಒತ್ತುವವರ ಸಂಖ್ಯೆ ತಮಗೂ ನೋಡಬೇಕೆನಿಸಿದೆ ಎಂದು ಬಾಗಿಲವರೆಗೆ ಬಂದು ಹೇಳಿದರು.

ಗುಂಡಿ ಬಂದಿದ್ದು ಒಂದು ಸೋಮವಾರ. ಅವತ್ತಿಗೆ ತಿಪ್ಪೇಶನ ಕಟ್ಟು ಬಿಚ್ಚಿ ಹತ್ತು ದಿನವಾಗಿತ್ತು. ಅವನು ಅರಸೀಕೆರೆಗೆ ಬಾಕಿಯಿದ್ದ ಆರನೆಯ ಕಥೆಯನ್ನು ಮುಗಿಸಿ, ಒಂದು ಹೊಸ ಚಿತ್ರದಲ್ಲಿ ಗುರುಪಾದನ ಜೊತೆ ಅಣ್ಣತಮ್ಮಂದಿರಾಗಿ ನಟಿಸುತ್ತಿದ್ದ. ಮಂಗಳವಾರ ಬೆಳಿಗ್ಗೆ ಅವರಿಬ್ಬರೂ ಚಲನೆ ಕೊಠಡಿಯಲ್ಲಿ ಮಾತು ಒಪ್ಪಿಸುತ್ತ ಕುಳಿತಿದ್ದಾಗ ಲೀಲಾಮಣಿ ಮೂರನೆಯ ಮಹಡಿಯಿಂದ ಮೆಟ್ಟಿಲಿಳಿದು ಬಂದರು. ಅವರ ಕೈಯಲ್ಲಿ ಒಂದು ಕಾಗದವಿತ್ತು. ನಾಲ್ಕು ಸಾವಿರದ ಇನ್ನೂರು ಜನ ಒತ್ತಿದ್ದಾರೆ ಎಂದರು. ಅದರಲ್ಲಿ ಅರಸೀಕೆರೆಯವರು ನೂರೆಂಬತ್ತು. ಉಳಿದವರು ಬೀದರಿನಿಂದ ಹಿಡಿದು ಸುಳ್ಯದವರೆಗೆ ಎಲ್ಲೆಲ್ಲಿಯವರೋ. ನಾಡಿಯ ಗೆರೆಗಳು ಇನ್ನೂ ಬಂದಿಲ್ಲ, ಅವರು ಕೊನೆಯವರೆಗೆ ನೋಡಿದರೋ ಹತ್ತು ನಿಮಿಷಕ್ಕೆ ಎದ್ದರೋ ಸಂಜೆಗೆ ತಿಳಿಯುತ್ತದೆ.

ಗುರುಪಾದ ಕಾಗದ ಇಸಿದುಕೊಂಡು ಊರುಗಳ ಹೆಸರನ್ನು ಒಂದೊಂದಾಗಿ ಓದತೊಡಗಿದ. ತಿಪ್ಪೇಶ ಹೆಗಲನ್ನು ನಿಧಾನವಾಗಿ ತಿರುಗಿಸುತ್ತ ಕೇಳಿದ.

“ಅವರಿಗೆಲ್ಲ ನಮ್ಮ ಹೆಸರು ಗೊತ್ತಿತ್ತಾ ಮೇಡಂ?”

“ಇಲ್ಲಪ್ಪ,” ಎಂದರು ಲೀಲಾಮಣಿ. “ಒಳಗಿರೋದು ಯಾರು ಅಂತ ನೋಡೋಕೆ ಒತ್ತಿದಾರೆ.”